ನಡು ಎತ್ತರದ ಕೊಟ್ಟಿಗೆ: 16 ಹಸುಗಳ ಮನೆಯನ್ನು ಗಾಳಿ ಬೆಳಕು ಆಡುವಂತೆ ಕಟ್ಟುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ನಿಮ್ಮ ಕೊಟ್ಟಿಗೆಗೆ ಹೋಗಿ, ಕೈಯಲ್ಲಿ ಗಡಿಯಾರ ಹಿಡಿದು, ಒಂದು ಸೀಮೆ ಹಸುವಿನ ಪಕ್ಕೆ ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತದೆ ಎಂದು ಎಣಿಸಿ ನೋಡಿ. ನೆಮ್ಮದಿಯಿಂದಿರುವ ಹಸುವಿನ ಉಸಿರು ಸಾಮಾನ್ಯವಾಗಿ 40ರ ಒಳಗೇ ಇರುತ್ತದೆ. ಎಣಿಕೆ 60 ದಾಟಿತೆಂದರೆ ಹಸು ಮೈಶಾಖವನ್ನು ಹೊರಹಾಕಲು ಹೆಣಗುತ್ತಿದೆ ಎಂದೇ ಅರ್ಥ. ಅಂಥ ಹಸು ಮೇವು ಕಡಿಮೆ ಮಾಡುತ್ತದೆ, ಮಲಗದೆ ನಿಂತೇ ಇರುತ್ತದೆ, ಹಾಲು ಇಳಿಸುತ್ತದೆ, ಬೆದೆಗೆ ಬಂದದ್ದೂ ಸರಿಯಾಗಿ ತಿಳಿಯುವುದಿಲ್ಲ. ಇದಕ್ಕೆ ಹಿಂಡಿ ಬದಲಿಸಿದವರನ್ನು, ಔಷಧ ಹಾಕಿಸಿದವರನ್ನು, ಕೊನೆಗೆ ಹಸುವನ್ನೇ ಮಾರಿದವರನ್ನು ನಾನು ಕಂಡಿದ್ದೇನೆ. ತಲೆಯ ಮೇಲಿನ ಮಾಡನ್ನು ನೋಡಿದವರು ಕಡಿಮೆ. ಈ ಲೇಖನ ಆ ಮಾಡಿನ ಕುರಿತದ್ದು: ನಡುವಿನ ಭಾಗವನ್ನು ಇಕ್ಕೆಲಗಳಿಗಿಂತ ಎತ್ತರಿಸಿ, ಆ ಎತ್ತರದ ಅಂಚಿನಲ್ಲಿ ಬೆಳಕಿಂಡಿ ಬಿಟ್ಟು ಕಟ್ಟುವ ಕೊಟ್ಟಿಗೆಯನ್ನು ಜಾಗ ಆರಿಸುವುದರಿಂದ ಹಿಡಿದು ಕೊನೆಯ ತಿರುಪಿನವರೆಗೆ ಹೇಗೆ ಯೋಜಿಸಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಕಟ್ಟಡದ ಸ್ವರೂಪ

ಅಮೆರಿಕದಲ್ಲಿ, ಮುಖ್ಯವಾಗಿ ಕುದುರೆ ಸಾಕುವವರಲ್ಲಿ, ಇದು ಬಹಳ ಬಳಕೆಯಲ್ಲಿರುವ ವಿನ್ಯಾಸ. ಅಲ್ಲಿ ಇದನ್ನು ರೈಸ್ಡ್ ಸೆಂಟರ್ ಐಲ್ ಬಾರ್ನ್ ಎಂದೂ ಮಾನಿಟರ್ ಬಾರ್ನ್ ಎಂದೂ ಕರೆಯುತ್ತಾರೆ. ನಡುವೆ 12 ಅಡಿ ಅಗಲದ ಓಣಿ, ಎರಡೂ ಬದಿಗೆ 12 ಅಡಿ ಚೌಕದ ಕುದುರೆ ಕೋಣೆಗಳು, ಒಟ್ಟು 36 ಅಡಿ ಅಗಲ. ಇದು ಅಲ್ಲಿನ ರೂಢಿಯ ಲೆಕ್ಕ. ಓಣಿಯ ಮೇಲಿನ ಮಾಡು ಎರಡೂ ಬದಿಯ ಮಾಡುಗಳಿಗಿಂತ ನಾಲ್ಕಾರು ಅಡಿ ಎತ್ತರಕ್ಕೆ ಎದ್ದು ನಿಂತಿರುತ್ತದೆ. ಎದ್ದ ಗೋಡೆಯಲ್ಲಿ ಕಿಟಕಿಗಳ ಸಾಲು ಇರುತ್ತದೆ. ಓಣಿ ಎತ್ತರವಾಗಿರುವುದರಿಂದ ಅಲ್ಲಿ ಟ್ರಾಕ್ಟರನ್ನೋ ಹುಲ್ಲು ತುಂಬಿದ ಗಾಡಿಯನ್ನೋ ನೇರವಾಗಿ ಒಳಕ್ಕೆ ತರಬಹುದು.

ಹೆಸರು ಕೇಳಿ ಕೆಲವರು ಓಣಿಯ ನೆಲವನ್ನು ಎತ್ತರಿಸಬೇಕೆಂದು ತಿಳಿಯುತ್ತಾರೆ. ಎತ್ತರಿಸುವುದು ನೆಲವನ್ನಲ್ಲ, ಮಾಡನ್ನು. ಈ ಆಕಾರ ನಮಗೆ ಹೊಸದೂ ಅಲ್ಲ. ಹಳೆಯ ಅಕ್ಕಿ ಗಿರಣಿಗಳ ನೆತ್ತಿಯ ಮೇಲೆ ಇನ್ನೊಂದು ಚಿಕ್ಕ ಮಾಡು ಕೂತಿರುವುದನ್ನು ನೀವು ನೋಡಿರುತ್ತೀರಿ. ಅದಕ್ಕೂ ಹಿಂದಕ್ಕೆ ಹೋದರೆ ಐಹೊಳೆಯ ದುರ್ಗ ಗುಡಿಯಲ್ಲಿ ನಡುವಣ ಸಾಲಿನ ಮಾಡು ಎತ್ತರದಲ್ಲಿ ಮಟ್ಟಸವಾಗಿದೆ, ಇಕ್ಕೆಲದ ಮಾಡುಗಳು ತಗ್ಗಾಗಿ ಹೊರಕ್ಕೆ ಇಳಿಜಾರಾಗಿವೆ. ಇಳಿಜಾರಿನ ಕಲ್ಲುಚಪ್ಪಡಿಗಳ ಸಂದಿಯಲ್ಲಿ ನೀರು ಇಳಿಯದಂತೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮುಚ್ಚಿದ್ದಾರೆ. ಆ ಪಟ್ಟಿಗಳ ವಿಚಾರಕ್ಕೆ ಮುಂದೆ ಮತ್ತೆ ಬರುತ್ತೇನೆ. ಏಕೆಂದರೆ ನಡು ಎತ್ತರದ ಕಟ್ಟಡ ಕೈಕೊಡುವುದು ಬಹುಮಟ್ಟಿಗೆ ಮಾಡುಗಳು ಕೂಡುವ ಜಾಗದಲ್ಲೇ.

ಬಿಸಿಗಾಳಿ ಹೊರಹೋಗುವ ರೀತಿ

ಚೆನ್ನಾಗಿ ಹಾಲು ಕೊಡುವ ಒಂದು ಹಸು ತನ್ನ ಮೈಯಿಂದ ಹೊರಸೂಸುವ ಶಾಖ ಸುಮಾರು 1000 ವಾಟ್‌ಗೂ ಹೆಚ್ಚು, ಅಂದರೆ ಕಾದು ಕೂತ ಒಂದು ಇಸ್ತ್ರಿಪೆಟ್ಟಿಗೆಯಷ್ಟು. 16 ಹಸು ಕಟ್ಟಿದ ಕೊಟ್ಟಿಗೆಯಲ್ಲಿ ಹಗಲೂ ರಾತ್ರಿ 16 ಇಸ್ತ್ರಿಪೆಟ್ಟಿಗೆಗಳು ಉರಿಯುತ್ತಿವೆ ಎಂದು ಭಾವಿಸಿ. ಅದರ ಜೊತೆಗೆ ಉಸಿರಿನ ತೇವ, ಗಂಜಲದಿಂದ ಏಳುವ ಅಮೋನಿಯಾ, ಬಿಸಿಲಿಗೆ ಕಾದ ತಗಡು ಕೆಳಕ್ಕೆ ಸುರಿಯುವ ಝಳ. ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಮೇಲೆ ದಾರಿ ಇದ್ದರೆ ಹೊರಹೋಗುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಂಪುಗಾಳಿ ಬರುತ್ತದೆ. ದಾರಿ ಇಲ್ಲದಿದ್ದರೆ ನೆತ್ತಿಯಲ್ಲಿ ಕೂಡಿ, ತಣಿದು, ಬೆಳಗಿನ ಜಾವ ತಗಡಿನ ಒಳಮೈಯಿಂದ ಹನಿಹನಿಯಾಗಿ ಹಸುವಿನ ಬೆನ್ನ ಮೇಲೇ ತೊಟ್ಟಿಕ್ಕುತ್ತದೆ. ಒಲೆಯ ಮೇಲಿನ ಹೊಗೆಗೂಡು ಮಾಡುವ ಕೆಲಸವನ್ನೇ ಎತ್ತರದ ನಡುಭಾಗವೂ ಮಾಡುತ್ತದೆ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಕೆಳಗಿನ ಕಿಂಡಿಗೂ ಮೇಲಿನ ಕಿಂಡಿಗೂ ನಡುವಿನ ಎತ್ತರವನ್ನು ಎರಡು ಪಟ್ಟು ಮಾಡಿದರೆ ಗಾಳಿಯ ಹರಿವು ಎರಡು ಪಟ್ಟಾಗುವುದಿಲ್ಲ, ಸುಮಾರು 1.4 ಪಟ್ಟಾಗುತ್ತದೆ ಅಷ್ಟೆ. ಆದರೆ ಮೇಲಿನ ಮತ್ತು ಕೆಳಗಿನ ಕಿಂಡಿಗಳ ವಿಸ್ತೀರ್ಣವನ್ನು ಎರಡು ಪಟ್ಟು ಮಾಡಿದರೆ ಹರಿವೂ ಎರಡು ಪಟ್ಟಾಗುತ್ತದೆ. ಆದ್ದರಿಂದ ಕಬ್ಬಿಣಕ್ಕೆ ಹಣ ಸುರಿದು ಇಪ್ಪತ್ತೈದು ಅಡಿಗೆ ಏರಿಸುವ ಬದಲು, ಮಿತವಾದ ಎತ್ತರದಲ್ಲಿ ಧಾರಾಳವಾದ ಕಿಂಡಿ ಬಿಡುವುದೇ ಜಾಣತನ. ಮೇಲೆ ಎಷ್ಟು ಚೆನ್ನಾಗಿ ಕಿಂಡಿ ಬಿಟ್ಟರೂ ಕೆಳಗೆ ಸುತ್ತಲೂ ಏಳಡಿ ಗೋಡೆ ಎಬ್ಬಿಸಿದರೆ ಅದು ಬಾಯಿ ಕಟ್ಟಿದ ಹೊಗೆಗೂಡಾಗುತ್ತದೆ ಎಂಬುದನ್ನೂ ಮರೆಯಬಾರದು.

ಹೊರಗೆ 38 ಡಿಗ್ರಿ ಇದ್ದಾಗ ಈ ಕೊಟ್ಟಿಗೆಯ ಒಳಗೆ 30 ಡಿಗ್ರಿ ಆಗಿಬಿಡುವುದಿಲ್ಲ. ಹಸುಗಳೂ ತಗಡೂ ಸೇರಿಸುವ ಹೆಚ್ಚುವರಿ ಶಾಖವನ್ನು, ತೇವವನ್ನು ಅದು ಹೊರಗೆ ಸಾಗಿಸುತ್ತದೆ. ಹೋಲ್‌ಸ್ಟೀನ್ ಫ್ರೀಸಿಯನ್ ಹಸುವಿಗೆ ಹಿತವಾದ ಹವೆ 25 ಡಿಗ್ರಿಯ ಒಳಗಿನದು. ಬಯಲುಸೀಮೆಯ ಬೇಸಿಗೆ 35 ದಾಟುತ್ತದೆ, ರಾಯಚೂರು ಕಲಬುರಗಿಗಳಲ್ಲಿ 40ನ್ನೂ ದಾಟುತ್ತದೆ. ಅಲ್ಲಿ ಈ ಮಾಡಿನ ಜೊತೆಗೆ ಫ್ಯಾನು, ನೆರಳು, ನೀರು ಎಲ್ಲವೂ ಬೇಕು. ಹಳ್ಳಿಕಾರ್, ಮಲೆನಾಡು ಗಿಡ್ಡದಂಥ ನಮ್ಮ ತಳಿಗಳು ಬಿಸಿಲಿಗೆ ಹೊಂದಿಕೊಂಡವು. ಎರಡು ಮೂರು ನಾಟಿ ಹಸು ಸಾಕುವವರು ಇಷ್ಟೆಲ್ಲ ಏರ್ಪಾಟು ಮಾಡಬೇಕಾಗಿಲ್ಲ.

ಮೊದಲು ಜಾಗ, ಆಮೇಲೆ ದಿಕ್ಕು

ಸುತ್ತಲಿನ ನೆಲಕ್ಕಿಂತ ಕೊಂಚ ಎತ್ತರವಾದ, ಮಳೆನೀರು ನಿಲ್ಲದ ಜಾಗವನ್ನು ಆರಿಸಿಕೊಳ್ಳಿ. ಜಾಗ ತಗ್ಗಾಗಿದ್ದರೆ ಗ್ರ್ಯಾವೆಲ್ ಮಣ್ಣು ತುಂಬಿ, ದಮ್ಮಸ್ಸು ಮಾಡಿ ಒಂದೂವರೆ ಅಡಿಯಾದರೂ ಏರಿಸಿ. ಪಕ್ಕದ ಕಟ್ಟಡದಿಂದ 30 ಅಡಿ ದೂರ ಇರಲಿ. ಅದಕ್ಕಿಂತ ಹತ್ತಿರವಾದರೆ ಗಾಳಿಗೆ ಅಡ್ಡಿಯಾಗುತ್ತದೆ. ಗಾಳಿ ಯಾವ ದಿಕ್ಕಿನಿಂದ ಬೀಸಿ ಬರುತ್ತದೋ ಆ ದಿಕ್ಕಿನಲ್ಲಿ ತಿಪ್ಪೆ ಇರಬಾರದು.

ಉದ್ದವನ್ನು ಪೂರ್ವ ಪಶ್ಚಿಮಕ್ಕೆ ಇಡಿ. ಹೀಗೆ ಇಟ್ಟರೆ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಚಿಕ್ಕ ಬದಿಗಳಿಗೆ ಮಾತ್ರ ಬಡಿಯುತ್ತದೆ. ಬೆಳಕಿಂಡಿಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡುತ್ತವೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಸೂರಿನ ಕೆಳಗಿನಿಂದ ಬಿಸಿಲು ಒಳಬಂದು ದಕ್ಷಿಣದ ಸಾಲಿನ ನೆಲ ಒಣಗುತ್ತದೆ. ಆದರೆ ನಮ್ಮ ಅಕ್ಷಾಂಶದಲ್ಲಿ ಇನ್ನೊಂದು ಸಂಗತಿಯಿದೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಹೊತ್ತು ಉತ್ತರಕ್ಕೇ ಇರುತ್ತಾನೆ. ಆದಕಾರಣ ಉತ್ತರದಿಂದ ಬಿಸಿಲು ಬರುವುದೇ ಇಲ್ಲವೆಂದು ಆ ಬದಿಯ ಸೂರನ್ನು ಮೋಟುಮಾಡಬೇಡಿ.

ಮಳೆಗಾಲದ ಬಿರುಸು ನಮಗೆ ಬರುವುದು ಪಶ್ಚಿಮ ಮತ್ತು ನೈಋತ್ಯದಿಂದ. ಪಶ್ಚಿಮದ ಚಿಕ್ಕ ಬದಿಯನ್ನು ನೆತ್ತಿಯವರೆಗೂ ಗಟ್ಟಿಯಾಗಿ ಮುಚ್ಚಿ, ಮೇವು ಕತ್ತರಿಸುವ ಕೋಣೆಯನ್ನು ಆ ತುದಿಯಲ್ಲೇ ಇಡಿ. ಸಂಜೆಯ ಬಿಸಿಲನ್ನೂ ಮಳೆಯ ಹೊಡೆತವನ್ನೂ ಆ ಕೋಣೆ ತಡೆಯುತ್ತದೆ. ಕರಾವಳಿ ಮತ್ತು ಮಲೆನಾಡಿನವರು ದಕ್ಷಿಣದ ಬೆಳಕಿಂಡಿಗೂ ಮಳೆ ತಡೆದು ಗಾಳಿ ಬಿಡುವ ಓರೆಪಟ್ಟಿ (ಲೂವರ್) ಹಾಕಿಸಬೇಕು. ಹೊಂಗೆ, ಬೇವು, ನೇರಳೆ ಮರಗಳನ್ನು ದಕ್ಷಿಣ ಮತ್ತು ಪಶ್ಚಿಮಕ್ಕೆ ಹದಿನೈದು ಇಪ್ಪತ್ತು ಅಡಿ ದೂರದಲ್ಲಿ ನೆಟ್ಟರೆ ನೆರಳೂ ಸಿಗುತ್ತದೆ, ಗಾಳಿಯೂ ಸುಳಿಯುತ್ತದೆ.

ಅಳತೆ ಹಾಕುವುದು

16 ಹಸುಗಳಿಗೆ, ಎಂಟೆಂಟರ ಎರಡು ಸಾಲಿನಲ್ಲಿ, ಮುಖಾಮುಖಿಯಾಗಿ ಕಟ್ಟುವ ಕೊಟ್ಟಿಗೆಯ ಅಳತೆ ಹೀಗಿರಲಿ. ನಡುವೆ 8 ಅಡಿಯ ಮೇವಿನ ಓಣಿ. ಅದರ ಎರಡೂ ಕಡೆ 2 ಅಡಿಯ ಗೋದಲಿ. ಗೋದಲಿಯಿಂದಾಚೆಗೆ ಹಸು ನಿಲ್ಲುವ ಜಾಗ ಐದೂವರೆ ಅಡಿ, ಗಂಜಲದ ಕಾಲುವೆ 1 ಅಡಿ, ಹಿಂದಿನ ಓಡಾಟಕ್ಕೆ ಮೂರೂವರೆ ಅಡಿ. ಕೂಡಿಸಿದರೆ ಒಟ್ಟು ಅಗಲ 32 ಅಡಿ. ಓಣಿ ಮತ್ತು ಎರಡು ಗೋದಲಿ ಸೇರಿದ 12 ಅಡಿಯ ನಡುಭಾಗ ಎತ್ತರದ ಮಾಡಿನ ಕೆಳಗೆ ಬರುತ್ತದೆ. ಹಸುಗಳು ನಿಲ್ಲುವ 10 ಅಡಿಯ ಇಕ್ಕೆಲಗಳು ತಗ್ಗಿನ ಮಾಡಿನ ಕೆಳಗೆ ಬರುತ್ತವೆ. ಒಂದು ಹಸುವಿಗೆ 4 ಅಡಿ ಅಗಲದಂತೆ ಎಂಟಕ್ಕೆ 32 ಅಡಿ ಉದ್ದ. ಪಶ್ಚಿಮದ ತುದಿಯಲ್ಲಿ ಇನ್ನೂ 12 ಅಡಿ ಸೇರಿಸಿದರೆ 44 ಅಡಿ. ಆ 12 ಅಡಿಯಲ್ಲಿ ಒಂದು ಪಕ್ಕ ಮೇವು ಕತ್ತರಿಸುವ ಯಂತ್ರ, ಹಿಂಡಿ ಬೂಸಾದ ಚೀಲಗಳು. ಇನ್ನೊಂದು ಪಕ್ಕ 10 ಅಡಿಗೆ 12 ಅಡಿಯ ಕರು ಹಾಕುವ ಕೋಣೆ. ಒಂದೊಂದು ಹಸುವಿಗೆ ನಿಲ್ಲುವ ಜಾಗ, ಕಾಲುವೆ, ಹಿಂದಿನ ದಾರಿ ಸೇರಿ 40 ಚದರ ಅಡಿ ಸಿಗುತ್ತದೆ. ಭಾರತೀಯ ಮಾನಕಗಳು ಹಸುವೊಂದಕ್ಕೆ ಹೇಳುವ ಮೂರೂವರೆ ಚದರ ಮೀಟರ್ ಮುಚ್ಚಿದ ಜಾಗಕ್ಕೆ ಇದು ಸಾಲುತ್ತದೆ. ಎಮ್ಮೆಗಳಾದರೆ ನಿಲ್ಲುವ ಜಾಗದ ಉದ್ದವನ್ನು ಅರ್ಧ ಅಡಿ ಹೆಚ್ಚಿಸಿ.

ಎತ್ತರದ ಲೆಕ್ಕ ಹೊರಗಿನಿಂದ ಒಳಕ್ಕೆ ಸಾಗಲಿ. ಹೊರಕಂಬದ ತಲೆ 8 ಅಡಿ. ಅಲ್ಲಿಂದ ಒಳಕ್ಕೆ 10 ಅಡಿ ಬರುವಷ್ಟರಲ್ಲಿ, ನಾಲ್ಕಡಿಗೆ ಒಂದಡಿಯ ಇಳಿಜಾರಿನಂತೆ, ಎರಡೂವರೆ ಅಡಿ ಏರಿ ಒಳಕಂಬದ ಹತ್ತಿರ ಹತ್ತೂವರೆ ಅಡಿಯಾಗುತ್ತದೆ. ಅದರ ಮೇಲೆ 3 ಅಡಿ ಬೆಳಕಿಂಡಿಯ ಜಾಗ. ಹಾಗಾಗಿ ನಡುಮಾಡು ಹದಿಮೂರೂವರೆ ಅಡಿಗೆ ಶುರುವಾಗಿ, ನೆತ್ತಿ 15 ಅಡಿಗೆ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಎತ್ತರ ಬೇಕಿಲ್ಲ.

ಮುಖಾಮುಖಿ ಕಟ್ಟಬೇಕೋ ಬೆನ್ನಿಗೆ ಬೆನ್ನಾಗಿ ಕಟ್ಟಬೇಕೋ ಎಂಬುದು ಹಳೆಯ ಚರ್ಚೆ. ಸಗಣಿ ಬಾಚುವುದು, ಹಾಲು ಕರೆಯುವುದು ಹೀಗೆ ಕೆಲಸದ ದೊಡ್ಡ ಪಾಲು ಹಸುವಿನ ಹಿಂದೆಯೇ ನಡೆಯುವುದರಿಂದ ಪಶುಸಂಗೋಪನೆಯ ಪಠ್ಯಗಳು ಬೆನ್ನಿಗೆ ಬೆನ್ನಾದ ಸಾಲನ್ನು ಮೆಚ್ಚುತ್ತವೆ. ಒಂದು ಹಸುವಿನ ಉಸಿರು ಇನ್ನೊಂದರ ಮೂತಿಗೆ ತಾಗದಿರುವುದೂ ಅದರ ಒಂದು ಗುಣ. ಆದರೂ ನಡು ಎತ್ತರದ ಕೊಟ್ಟಿಗೆಗೆ ನನ್ನ ಮತ ಮುಖಾಮುಖಿಗೇ. ಗಂಜಲ ಮತ್ತು ಸಗಣಿ ಹೊರ ಅಂಚಿನಲ್ಲಿ, ಬಿಸಿಲು ಗಾಳಿ ತಾಗುವ ಕಡೆ ಬೀಳುತ್ತವೆ, ಕಾಲುವೆ ನೇರವಾಗಿ ಹೊರಕ್ಕೆ ಹರಿಯುತ್ತದೆ, ನಡುವಿನ ಓಣಿ ಒಣಗಿರುತ್ತದೆ, ಒಬ್ಬರೇ ತಳ್ಳುಗಾಡಿಯಲ್ಲಿ ಮೇವು ತಂದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾ ಹೋಗಬಹುದು. ಉಸಿರಿನ ಬಿಸಿ ಮತ್ತು ತೇವ ಬೆಳಕಿಂಡಿಯ ನೇರ ಕೆಳಗೇ ಹುಟ್ಟಿ ಅಲ್ಲಿಂದಲೇ ಮೇಲೇರುತ್ತವೆ. ಸಗಣಿ ಎರಡು ಕಡೆ ಬಾಚುವ ಶ್ರಮ ಇದ್ದೇ ಇದೆ. ಮನೆಯಲ್ಲಿ ಕೈಗಳು ಕಡಿಮೆ ಇದ್ದವರು ಅದನ್ನು ಯೋಚಿಸಿ ತೀರ್ಮಾನಿಸಲಿ.

ಪಾಯ, ಕಂಬ, ಮಾಡು

ಎರಡು ಹಸುಗಳಿಗೆ ಒಂದರಂತೆ 8 ಅಡಿಗೊಂದು ಕಂಬದ ಸಾಲು ಬಂದರೆ ಕಂಬ ಯಾವ ಹಸುವಿಗೂ ಅಡ್ಡ ಬರುವುದಿಲ್ಲ. ಒಂದೊಂದು ಸಾಲಿನಲ್ಲಿ ನಾಲ್ಕು ಕಂಬ, ಆರು ಸಾಲು, ಒಟ್ಟು 24. ಗುಂಡಿ ಗಟ್ಟಿನೆಲ ಸಿಗುವವರೆಗೆ, 3 ಅಡಿಗೆ ಕಡಿಮೆಯಿಲ್ಲದಂತೆ ಇಳಿಯಬೇಕು. ಎರೆಭೂಮಿಯವರು ಇಲ್ಲಿ ಉಳಿತಾಯ ಮಾಡಲೇಬಾರದು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಇನ್ನೂ ಆಳಕ್ಕೆ ಹೋಗಿ, ಗುಂಡಿಯ ಸುತ್ತ ಗ್ರ್ಯಾವೆಲ್ ತುಂಬಿಸಬೇಕು. ಕಬ್ಬಿಣದ ಕಂಬದ ಬುಡವನ್ನು ನೆಲಮಟ್ಟದಿಂದ ಒಂದಡಿ ಮೇಲಿನವರೆಗೆ ಕಾಂಕ್ರೀಟಿನಿಂದ ಮುಚ್ಚಿ. ಗಂಜಲ ತಾಗಿದ ಕಬ್ಬಿಣ ನಾಲ್ಕೈದು ವರ್ಷದಲ್ಲಿ ಬುಡದಲ್ಲಿ ಪುಡಿಯಾಗುತ್ತದೆ, ಮೇಲಿನ ಬಣ್ಣ ಮಾತ್ರ ಹೊಸದಾಗಿ ಕಾಣುತ್ತಿರುತ್ತದೆ.

ಎತ್ತರದ ನಡುಮಾಡು ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ. ಬೀಸುವ ಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ. ಸುತ್ತಲೂ ತೆರೆದ ಕೊಟ್ಟಿಗೆಯಲ್ಲಿ ಒಳಗಿನಿಂದಲೂ ತಳ್ಳುತ್ತದೆ. ಗಾಳಿಯಂತ್ರಗಳು ತಿರುಗುವ ಗದಗ, ಚಿತ್ರದುರ್ಗದ ಬಯಲುಗಳಲ್ಲಿ ಕೊಟ್ಟಿಗೆ ಕಟ್ಟುವವರು ಇದನ್ನು ಎರಡು ಸಲ ಓದಿಕೊಳ್ಳಿ. ಒಳಕಂಬಕ್ಕೂ ತೊಲೆಗೂ ನಡುವೆ ಓರೆ ಆಸರೆ, ಎರಡೂ ತುದಿಯ ಅಂಕಣಗಳಲ್ಲಿ ಗುಣಾಕಾರದ ಚಿಹ್ನೆಯಂತೆ (×) ಒಂದನ್ನೊಂದು ಅಡ್ಡಹಾಯುವ ಬಿಗಿಪಟ್ಟಿಗಳು, ಶೀಟಿನ ಅಂಚಿನ ಸಾಲಿನಲ್ಲಿ ಒತ್ತೊತ್ತಾಗಿ ತಿರುಪು, ಪ್ರತಿ ತಿರುಪಿಗೂ ರಬ್ಬರ್ ವಾಷರು ಇರಲೇಬೇಕು. ಕಬ್ಬಿಣದ ದಪ್ಪವನ್ನು ಅಂದಾಜಿನ ಮೇಲೆ ಬಿಡದೆ ಒಬ್ಬ ಸಿವಿಲ್ ಎಂಜಿನಿಯರಿಗೆ ನಕ್ಷೆ ತೋರಿಸಿ ಒಪ್ಪಿಗೆ ಪಡೆಯಿರಿ. ಆ ಖರ್ಚು ಒಂದು ತೊಲೆಯ ಬೆಲೆಗೆ ಸಮ ಇರಬಹುದು.

ಹೊದಿಕೆಯಲ್ಲಿ ಮಂಗಳೂರು ಹೆಂಚು ತಂಪಾದದ್ದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಅದು ನಮ್ಮದೇ ಆಗಿದೆ. ಆದರೆ ಅದಕ್ಕೆ ಇನ್ನೂ ಕಡಿದಾದ ಇಳಿಜಾರು ಬೇಕು, ಭಾರ ಹೆಚ್ಚು, ಮೇಲೆ ಹೇಳಿದ ಎತ್ತರದ ಲೆಕ್ಕವೆಲ್ಲ ಬದಲಾಗುತ್ತದೆ. ಕಲ್ನಾರಿನ ಶೀಟನ್ನು ಕತ್ತರಿಸುವಾಗ ಏಳುವ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ಆ ಶೀಟನ್ನು ಹಾಕಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಣ್ಣದ ತಗಡಿನ ಶೀಟು ಹಾಕುವವರು ಬಿಳಿ ಅಥವಾ ತೀರ ತಿಳಿಬಣ್ಣವನ್ನೇ ಆರಿಸಲಿ. ಕಡುನೀಲಿ ಶೀಟು ದೂರಕ್ಕೆ ಚೆಂದ ಕಾಣುತ್ತದೆ, ಕೆಳಗೆ ನಿಂತ ಹಸುವಿಗೆ ಬಾಣಲೆಯಾಗುತ್ತದೆ. ಬೆಳಕಿಗೆಂದು ಪಾರದರ್ಶಕ ಶೀಟು ಹಾಕಿಸುವುದು ಬೇಡವೇ ಬೇಡ. ಬೆಳಕಿಂಡಿ ಕೊಡುವ ಬೆಳಕು ಧಾರಾಳವಾಗಿ ಸಾಕು, ಪಾರದರ್ಶಕ ಶೀಟು ಬೆಳಕಿನೊಂದಿಗೆ ಬಿಸಿಲನ್ನೂ ಒಳಗೆ ಸುರಿಯುತ್ತದೆ.

ಬೆಳಕಿಂಡಿ ಮತ್ತು ಮಾಡುಗಳ ಕೂಡುಜಾಗ

ಈ ಕಟ್ಟಡದ ಜೀವ ಇಲ್ಲಿದೆ. ಕೆಳಮಾಡು ಒಳಕಂಬವನ್ನು ಮುಟ್ಟುವ ಜಾಗದಲ್ಲಿ ಅರ್ಧ ಅಡಿ ಎತ್ತರದ ತಗಡಿನ ತಡೆ ಬರಬೇಕು. ಎಲ್ ಆಕಾರಕ್ಕೆ ಮಡಿಸಿದ ಆ ತಗಡಿನ ಒಂದು ಮಗ್ಗುಲು ನೆಟ್ಟಗೆ ನಿಂತು, ಇನ್ನೊಂದು ಕೆಳಮಾಡಿನ ಶೀಟಿನ ಮೇಲೆ ಒಂದಡಿಯಷ್ಟು ಹಾಸಿ ಬೀಳಬೇಕು. ತಿರುಪುಗಳು ಶೀಟಿನ ಏಣಿನ ಮೇಲೆ ಬೀಳಬೇಕೇ ಹೊರತು ನೀರು ಹರಿಯುವ ಕಣಿವೆಯಲ್ಲಿ ಬೀಳಬಾರದು. ಐಹೊಳೆಯ ಶಿಲ್ಪಿಗಳು ಸಂದಿಗೆ ಕಲ್ಲುಪಟ್ಟಿ ಮುಚ್ಚಿದ್ದು ಇದೇ ಅರಿವಿನಿಂದ.

ನಮ್ಮ ಕೊಟ್ಟಿಗೆಯ ಮೊದಲ ಮಳೆಗಾಲದಲ್ಲಿ ಇದನ್ನು ನಾನು ಕಷ್ಟಪಟ್ಟು ಕಲಿತೆ. ವೆಲ್ಡಿಂಗ್ ಕೆಲಸದವರು ಆ ತಗಡನ್ನು ಶೀಟಿನ ಮೇಲೆ ಹಾಸುವ ಬದಲು ಕೆಳಗೆ ತೂರಿಸಿ, ಕಣಿವೆಯಲ್ಲೇ ತಿರುಪು ಹಾಕಿದ್ದರು. ಜುಲೈಯ ಒಂದು ರಾತ್ರಿ ಸುರಿದ ಮಳೆ ತಿರುಪಿನ ತೂತಿನಿಂದ ಇಳಿದು, ತೊಲೆಯ ಉದ್ದಕ್ಕೂ ಹರಿದು, ನೇರವಾಗಿ ಗೋದಲಿಗೆ ತೊಟ್ಟಿಕ್ಕಿತು. ಬೆಳಿಗ್ಗೆ ಗೋದಲಿಯ ರಾಗಿಹುಲ್ಲನ್ನು ಮೇಲೆ ಮುಟ್ಟಿದರೆ ಒಣಗಿದಂತಿತ್ತು, ಕೈ ಹಾಕಿ ಅಡಿಯಿಂದ ಎತ್ತಿದರೆ ಬಿಸಿಯಾಗಿ ಹುಳಿನಾತ ಹೊಡೆಯುತ್ತಿತ್ತು. ಒಂದು ವಾರ ಹೀಗೆ ನಡೆದ ಮೇಲೆ ಎರಡು ಹಸು ಮೇವು ಬಿಟ್ಟವು. ಇಡೀ ಸಾಲು ಬಿಚ್ಚಿ ಮತ್ತೆ ಹಾಕಿಸಬೇಕಾಯಿತು. ಕೆಲಸ ಮುಗಿಯುವ ಮುನ್ನವೇ ಕೊಳವೆ ಹಿಡಿದು ಮೇಲಿನಿಂದ ಹತ್ತು ನಿಮಿಷ ನೀರು ಬಿಟ್ಟು, ಕೆಳಗೆ ನಿಂತು ನೋಡಿ. ಆಮೇಲೆ ಕೂಲಿಯ ಕೊನೆಯ ಕಂತು ಕೊಡಿ.

ತಡೆ ಬಿಟ್ಟು ಉಳಿಯುವ ಎರಡೂವರೆ ಅಡಿ ಪೂರ್ತಿ ತೆರೆದಿರಲಿ. ಮೇಲಿನ ಮಾಡು ಕಂಬದಿಂದ 3 ಅಡಿ ಹೊರಚಾಚಿದರೆ ನಲವತ್ತೈದು ಡಿಗ್ರಿ ಓರೆಯಾಗಿ ಬಡಿಯುವ ಮಳೆಯೂ ಒಳಗೆ ಬರುವುದಿಲ್ಲ. ಕೆಳಮಾಡಿನ ಸೂರೂ ಅಷ್ಟೇ ಚಾಚಿರಲಿ. ಪಾರಿವಾಳ ಮತ್ತು ಕಾಗೆಗಳ ತಡೆಗೆ ಒಂದು ಇಂಚಿನ ಕಣ್ಣಿನ ಜಾಲರಿ ಸಾಕು. ಸೊಳ್ಳೆಪರದೆಯ ಬಲೆಯನ್ನು ಇಲ್ಲಿ ಬಡಿಯಬೇಡಿ; ಧೂಳು ಮತ್ತು ಜೇಡರಬಲೆ ಕೂತು ಕೆಲವೇ ತಿಂಗಳಲ್ಲಿ ಅದು ಗೋಡೆಯೇ ಆಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಡಿಸೆಂಬರ್ ಚಳಿಗೆ ಗಾಳಿ ಬೀಸುವ ಬದಿಗೆ ಮಾತ್ರ ಗೋಣಿತಾಟಿನ ಅಥವಾ ಟಾರ್ಪಾಲಿನ ಪರದೆಯನ್ನು ಹಗ್ಗದಲ್ಲಿ ಏರಿಸಿ ಇಳಿಸುವಂತೆ ಕಟ್ಟಿಕೊಳ್ಳಿ. ದೊಡ್ಡ ಹಸುಗಳಿಗೆ ನಮ್ಮ ಚಳಿ ಲೆಕ್ಕಕ್ಕಿಲ್ಲ. ಪರದೆ ಬೇಕಿರುವುದು ಎಳಗರುಗಳಿಗೆ. ಎರಡೂ ಬದಿಯನ್ನು ಒಟ್ಟಿಗೆ ಮುಚ್ಚಿದರೆ ತೇವವೂ ಅಮೋನಿಯಾವೂ ಒಳಗೇ ಉಳಿದು ಕರುಗಳಿಗೆ ಕೆಮ್ಮು ಹತ್ತುತ್ತದೆ.

ಕೆಳಗಿನ ಗೋಡೆ 3 ಅಡಿ ಮೀರದಿರಲಿ.

ನೆಲ, ಗೋದಲಿ, ಕಾಲುವೆ

ಸೈಜುಗಲ್ಲಿನ ಹಾಸಿನ ಮೇಲೆ 4 ಇಂಚು ಕಾಂಕ್ರೀಟು ಹಾಕಿಸಿ, ಅದು ಹಸಿಯಾಗಿರುವಾಗಲೇ ಗಟ್ಟಿ ಪೊರಕೆಯಿಂದ ಗೀರೆಳೆಸಿ. ನುಣುಪಾದ ಗಾರೆಯ ಮೇಲೆ ಗಬ್ಬದ ಹಸು ಜಾರಿದರೆ ಹಸುವೂ ಕರುವೂ ಎರಡೂ ಹೋಗಬಹುದು. ಗೋದಲಿಯಿಂದ ಕಾಲುವೆಯ ಕಡೆಗೆ ಇಳಿಜಾರು 40ಕ್ಕೆ 1ರಿಂದ 60ಕ್ಕೆ 1, ಅಂದರೆ ಐದೂವರೆ ಅಡಿಗೆ ಒಂದರಿಂದ ಒಂದೂವರೆ ಇಂಚು. ಇದಕ್ಕಿಂತ ಹೆಚ್ಚಾದರೆ ಹಸುವಿನ ಭಾರ ಹಿಂಗಾಲಿಗೆ ಬೀಳುತ್ತದೆ. ಕಾಲುವೆ 1 ಅಡಿ ಅಗಲ, ಎರಡು ಮೂರು ಇಂಚು ಆಳ, ಮೂಲೆಗಳಿಲ್ಲದೆ ಬಟ್ಟಲಿನಂತೆ ಇರಲಿ. 32 ಅಡಿ ಉದ್ದಕ್ಕೆ 4 ಇಂಚಾದರೂ ಇಳಿದು ಪೂರ್ವದ ತುದಿಯಲ್ಲಿ ಗೊಬ್ಬರದ ಗುಂಡಿಗೋ ಜೈವಿಕ ಅನಿಲದ ಘಟಕಕ್ಕೋ ಸೇರಲಿ.

ಗೋದಲಿಯ ತಳ ಹಸು ನಿಲ್ಲುವ ನೆಲಕ್ಕಿಂತ ಐದಾರು ಇಂಚು ಎತ್ತರವಿರಲಿ, ಹಸುವಿನ ಕಡೆಯ ತಡೆಗೋಡೆ ಒಂದೂವರೆ ಅಡಿ ಸಾಕು. ಹುದುಗಿದ ಮೇವಿನ ಹುಳಿ ಸಿಮೆಂಟನ್ನು ತಿನ್ನುವುದರಿಂದ ಒಳಮೈಗೆ ಕಡಪದ ಕಲ್ಲನ್ನೋ ನುಣುಪಾದ ಟೈಲನ್ನೋ ಹಾಸಿಸಿ. ಹಸು ನಾಲಗೆಯಿಂದ ಕೊನೆಯ ಕಾಳನ್ನೂ ಬಳಿದು ತಿನ್ನುತ್ತದೆ, ತೊಳೆಯುವುದೂ ಸುಲಭ. ಎರಡು ಹಸುಗಳಿಗೆ ಒಂದು ನೀರಿನ ಬಟ್ಟಲು ಇಡಿ. ಹಾಲು ಕೊಡುವ ಹಸು ದಿನಕ್ಕೆ 60ರಿಂದ 80 ಲೀಟರ್, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು ನೀರು ಕುಡಿಯುತ್ತದೆ. ಹೊತ್ತಿಗೆ ಎರಡು ಬಕೆಟ್ ಕೊಟ್ಟು ಇದನ್ನು ತುಂಬಿಸಲಾಗದು.

ಫ್ಯಾನುಗಳನ್ನು ಹಸುಗಳ ಸಾಲಿನ ಮೇಲೆ, ಬೆನ್ನಿನ ಕಡೆಗೆ ಬೀಸುವಂತೆ ಇಡಿ, ಬೆಳಕಿಂಡಿಯಲ್ಲಿ ಅಲ್ಲ. ನೀರು ಸಿಂಪಡಿಸುವ ಮಂಜಿನ ನಳಿಕೆ ರಾಯಚೂರಿನಂಥ ಒಣ ಸೆಕೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ; ಉಡುಪಿಯ ತೇವದ ಸೆಕೆಯಲ್ಲಿ ಅದು ನೆಲ ಒದ್ದೆ ಮಾಡಿ ಕೆಚ್ಚಲುಬಾವಿಗೆ ದಾರಿಯಾಗುತ್ತದೆ.

ಅಟ್ಟದ ಆಸೆ

ಅಮೆರಿಕದ ಚಿತ್ರಗಳಲ್ಲಿ ನಡು ಎತ್ತರದ ಜಾಗದಲ್ಲಿ ಹುಲ್ಲಿನ ಅಟ್ಟ ಕಾಣುತ್ತದೆ, ಅದನ್ನು ನೋಡಿ ನಮಗೂ ಆಸೆ ಹುಟ್ಟುತ್ತದೆ. ಹಸುಗಳಿರುವ 32 ಅಡಿಯಲ್ಲಿ ದಯವಿಟ್ಟು ಅಟ್ಟ ಹಾಕಬೇಡಿ. ಅಟ್ಟ ಹಾಕಿದ ಕೂಡಲೇ ಹೊಗೆಗೂಡಿನ ಕೊರಳು ಮುಚ್ಚಿತು. ಹಣ ಕೊಟ್ಟು ಎತ್ತರಿಸಿದ್ದೆಲ್ಲ ವ್ಯರ್ಥ. ಹುಲ್ಲಿನ ಧೂಳು ಉಸಿರಿಗೆ ಬೀಳುತ್ತದೆ, ವೈರಿನ ಕಿಡಿಯೊಂದು ಹತ್ತಿದರೆ ಕಟ್ಟಿಹಾಕಿದ ದನಗಳನ್ನು ಬಿಚ್ಚುವಷ್ಟು ಹೊತ್ತೂ ಸಿಗುವುದಿಲ್ಲ. ಪಶ್ಚಿಮ ತುದಿಯ 12 ಅಡಿಯ ಮೇಲೆ ಅಟ್ಟ ಹಾಕಿ, ವಾರಕ್ಕಾಗುವಷ್ಟು ಹುಲ್ಲು ಇಟ್ಟುಕೊಳ್ಳಬಹುದು. ಬಣವೆ ಹೊರಗೇ ಇರಲಿ.

ಹಳೆಯ ಕೊಟ್ಟಿಗೆ ಇರುವವರು

ಇರುವುದನ್ನು ಕೆಡವಬೇಕಾಗಿಲ್ಲ. ಎರಡು ಇಳಿಜಾರಿನ ಶೀಟಿನ ಕೊಟ್ಟಿಗೆಯಾದರೆ ನೆತ್ತಿಯ ಮುಚ್ಚಳವನ್ನು ಬಿಚ್ಚಿ, ಉದ್ದಕ್ಕೂ ಸಂದು ಬಿಟ್ಟು, ಕಬ್ಬಿಣದ ಮೋಟುಕಾಲುಗಳ ಮೇಲೆ ಒಂದಡಿ ಎತ್ತರಕ್ಕೆ ಟೋಪಿಯಂತೆ ಇನ್ನೊಂದು ಮಾಡು ಕೂರಿಸಿ. ಕಟ್ಟಡದ ಪ್ರತಿ 10 ಅಡಿ ಅಗಲಕ್ಕೆ 2 ಇಂಚು ಸಂದು ಎಂಬುದು ಹೊರದೇಶಗಳ ಕೊಟ್ಟಿಗೆಗಳಲ್ಲಿ ಕನಿಷ್ಠದ ಲೆಕ್ಕ, 20 ಅಡಿಗೆ 4 ಇಂಚು. ನಮ್ಮ ಸೆಕೆಗೆ ಅದನ್ನು ಒಂದಡಿಯವರೆಗೆ ಹಿಗ್ಗಿಸಬಹುದು. ಟೋಪಿ ಎರಡೂ ಬದಿಗೆ ಸಂದನ್ನು ದಾಟಿ ಒಂದೂವರೆ ಎರಡು ಅಡಿ ಚಾಚಿರಬೇಕು. ಜೊತೆಗೆ ಬದಿಗೋಡೆಯ ಮೇಲಿನ ಸಾಲುಗಳನ್ನು ಒಡೆದು ತೆರವು ಮಾಡಿ. ಆರಕ್ಕಿಂತ ಕಡಿಮೆ ಹಸು ಇರುವವರಿಗೆ ನಡು ಎತ್ತರದ ಹೊಸ ಕಟ್ಟಡವನ್ನು ನಾನು ಸೂಚಿಸುವುದಿಲ್ಲ. ಒಂದೇ ಸಾಲು, ಒಂದೇ ಇಳಿಜಾರು, ಎತ್ತರದ ಬದಿ ಪೂರ್ತಿ ತೆರೆದಿರುವ ಮಾಡು ಕಡಿಮೆ ಖರ್ಚಿನಲ್ಲಿ ಅದೇ ಕೆಲಸ ಮಾಡುತ್ತದೆ. ನಡು ಎತ್ತರದ ಕಟ್ಟಡದಲ್ಲಿ ಕಂಬಗಳು ಹೆಚ್ಚು, ತಗಡಿನ ಮಡಿಕೆ ಹೆಚ್ಚು, ಸೋರುವ ಜಾಗಗಳೂ ಹೆಚ್ಚು. ಆ ಖರ್ಚು ಗಿಟ್ಟುವುದು ಎರಡು ಸಾಲು ಕಟ್ಟುವವರಿಗೆ.

ಇದೇ ಆಕಾರವನ್ನು ಕುರಿ ಮೇಕೆಗಳ ದೊಡ್ಡಿಗೂ, ಓಣಿಯನ್ನು 12 ಅಡಿಗೆ ಹಿಗ್ಗಿಸಿ ನಡುವೆ ಟ್ರಾಕ್ಟರ್ ನಿಲ್ಲಿಸುವ ಉಪಕರಣದ ಮನೆಗೂ ಬಳಸಬಹುದು.

ಕಟ್ಟಿದ ಮೇಲೆ ಪರೀಕ್ಷೆ, ಆರೈಕೆ

ಹಸುಗಳನ್ನು ಕಟ್ಟಿ ಒಂದು ವಾರವಾದ ಮೇಲೆ, ಗಾಳಿ ಅಷ್ಟಾಗಿ ಬೀಸದ ಹೊತ್ತಿನಲ್ಲಿ ಒಂದು ಊದುಬತ್ತಿ ಹಚ್ಚಿ ಗೋದಲಿಯ ಹತ್ತಿರ ಹಿಡಿಯಿರಿ. ಹೊಗೆ ನೆಟ್ಟಗೆ ಏರಿ ಬೆಳಕಿಂಡಿಯ ಕಡೆ ವಾಲಿದರೆ ಮಾಡು ಕೆಲಸ ಮಾಡುತ್ತಿದೆ. ತಲೆಯ ಮೇಲೆಯೇ ಸುತ್ತುತ್ತ ನಿಂತರೆ ಕೆಳಗಿನಿಂದ ಗಾಳಿ ಬರುತ್ತಿಲ್ಲ. ಗೋಡೆಯನ್ನೋ ಗೋಣಿಪರದೆಯನ್ನೋ ತೆರವು ಮಾಡಬೇಕು. ಆಮೇಲೆ ಬೆಳಗಿನ ಜಾವ, ಸಗಣಿ ಬಾಚುವ ಮುನ್ನ, ಕರುವಿನ ಪಕ್ಕದಲ್ಲಿ ಮಂಡಿಯೂರಿ ಅದರ ಮೂಗಿನ ಎತ್ತರದಲ್ಲಿ ಉಸಿರೆಳೆದುಕೊಳ್ಳಿ. ನಿಂತಾಗ ತಿಳಿಯದ ಅಮೋನಿಯಾದ ಘಾಟು ಅಲ್ಲಿ ಕಣ್ಣಿಗೆ ಚುಚ್ಚುತ್ತದೆ. ಚುಚ್ಚಿದರೆ ಕಾಲುವೆಯ ಇಳಿಜಾರನ್ನೂ ರಾತ್ರಿ ಎಷ್ಟು ಪರದೆ ಇಳಿಸಿದ್ದೀರಿ ಎಂಬುದನ್ನೂ ಮತ್ತೆ ನೋಡಿ.

ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಉದ್ದ ಕೋಲಿಗೆ ಪೊರಕೆ ಕಟ್ಟಿ ಜಾಲರಿಯ ಧೂಳು ಮತ್ತು ಜೇಡರಬಲೆ ತೆಗೆಯಿರಿ. ಒಬ್ಬರನ್ನು ಮೇಲೆ ಹತ್ತಿಸಿ ಸಡಿಲವಾದ ತಿರುಪುಗಳನ್ನು ಬಿಗಿಸಿ, ಬಿಸಿಲಿಗೆ ಒಡೆದ ರಬ್ಬರ್ ವಾಷರುಗಳನ್ನು ಬದಲಿಸಿ, ಎಲ್ ತಗಡಿನ ಸಂದಿಯಲ್ಲಿ ಸೇರಿಕೊಂಡ ಎಲೆಗಳನ್ನು ತೆಗೆಸಿ. ಹತ್ತುವವರು ಶೀಟಿನ ನಡುವೆ ಕಾಲಿಡದೆ ತಿರುಪಿನ ಸಾಲಿನ ಮೇಲೆಯೇ, ಹಲಗೆ ಹಾಸಿಕೊಂಡು ನಡೆಯಲಿ. ಆ ಸಾಲಿನ ಕೆಳಗೆ ಮಾತ್ರ ಕಬ್ಬಿಣದ ಆಧಾರ ಇರುತ್ತದೆ.